ಕೆಸರೂರಿನ ಸುಳಿವುಗಳು

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ಹೊಗಳುವವರು ಮೊದಲು ಅದರ ಪತ್ತೇದಾರಿಕೆಗೆ ಕ್ಷಮೆ ಕೇಳಿಬಿಡುತ್ತಾರೆ. ಕೊಲೆಯ ತನಿಖೆ, ಗುಪ್ತಚರ ಅಧಿಕಾರಿ, ರಾತ್ರಿ ಮಾಡಿನ ಮೇಲೆ ಬೀಳುವ ಕಲ್ಲು ಇವೆಲ್ಲ ಓದುಗರನ್ನು ಒಳಗೆ ಕರೆತರಲು ಕಟ್ಟಿದ ತೋರಣ; ನಿಜವಾದ ಕಾದಂಬರಿ ಆಮೇಲೆ ಬರುವ ಕೋಮುದ್ವೇಷ ಮತ್ತು ಪರಿಸರದ ನಾಶದಲ್ಲಿದೆ ಎನ್ನುತ್ತಾರೆ. 1985ರಲ್ಲಿ ಬಂದು 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕಕ್ಕೆ ಮಂಗಳೂರಿನ ಕಾಲೇಜು ಉಪನ್ಯಾಸಗಳಲ್ಲೂ ಇದೇ ಮರ್ಯಾದೆ. ಮರ್ಯಾದೆ ದೊಡ್ಡದೇ, ಆದರೆ ಪುಸ್ತಕದ ಜೀವ ಇರುವ ಜಾಗವನ್ನೇ ಅದು ಬಿಟ್ಟುಬಿಟ್ಟಿದೆ.

ಕನ್ನಡದಲ್ಲಿ ಪತ್ತೇದಾರಿ ಸರಣಿಗೆ ಬರವಿರಲಿಲ್ಲ. ನಾಲ್ಕನೇ ತರಗತಿಯವರೆಗೆ ಓದಿದ್ದ ಕೊಪ್ಪದ ಎನ್. ನರಸಿಂಹಯ್ಯ 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಊರೂರಿನ ವಾಚನಾಲಯಗಳಲ್ಲಿ ಆ ಪುಸ್ತಕಗಳು ರಟ್ಟು ಕಿತ್ತುಹೋಗುವಷ್ಟು ಕೈ ಬದಲಾಯಿಸಿದವು. ವಿಮರ್ಶಕರು ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಅಲ್ಲಿ ರೋಚಕತೆಯಿತ್ತು, ನಗುವೇ ಕತೆಯನ್ನು ನಡೆಸುವುದು ಬೇರೆ ಮಾತು. ಬಂಗಾಳದಲ್ಲಿ ಸತ್ಯಜಿತ್ ರೇ ಆ ಕೆಲಸ ಮಾಡಿದರು. 1965ರಲ್ಲಿ ಶುರುವಾದ ಫೆಲುದಾ ಕತೆಗಳಿಗೆ ‘ಸೋನಾರ್ ಕೆಲ್ಲಾ’ದಲ್ಲಿ ಜಟಾಯು ಎಂಬ ರೋಚಕ ಕಾದಂಬರಿಕಾರ ಬಂದು ಸೇರಿಕೊಂಡ ಮೇಲೆ ಸರಣಿಯ ಚಹರೆಯೇ ಬದಲಾಯಿತು. ಒಂಟೆಯ ವಿಷಯದಲ್ಲಿ ಅವನು ಮಾಡಿದ ತಪ್ಪನ್ನು ಫೆಲುದಾ ತಿದ್ದುವಾಗ ಓದುಗರು ನಗುತ್ತಾರೆ, ನಗುತ್ತಲೇ ಪತ್ತೇದಾರನ ಕಣ್ಣು ಎಷ್ಟು ಚುರುಕು ಎಂಬುದನ್ನೂ ತಿಳಿಯುತ್ತಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ತೇಜಸ್ವಿಯವರ ಮೂಡಿಗೆರೆಯಿಂದ ಬಂತು. ‘ಕರ್ವಾಲೊ’ (1980), ‘ಚಿದಂಬರ ರಹಸ್ಯ’, ಆಮೇಲಿನ ‘ಜುಗಾರಿ ಕ್ರಾಸ್’ ಮೂರಕ್ಕೂ ಒಬ್ಬನೇ ನಾಯಕನಿಲ್ಲ. ಆದರೆ ಕಾಡು ಒಂದೇ, ಹುಡುಕಾಟದ ಜಾಡು ಒಂದೇ, ನಗುವ ರೀತಿಯೂ ಒಂದೇ. ಇವನ್ನು ಒಂದೇ ಸರಣಿಯಾಗಿ ಓದಿದರೆ ನಡುವಿನ ಕಾದಂಬರಿಯ ಕಸುಬು ಸ್ಪಷ್ಟವಾಗಿ ಕಾಣುತ್ತದೆ.

ಆ ಕಾದಂಬರಿಯ ಊರು ಕೆಸರೂರಿಗೆ ಗುಪ್ತಚರ ಅಧಿಕಾರಿ ಶ್ಯಾಮನಂದನ ಅಂಗಡಿ ಬರುವುದು ಎರಡು ಪ್ರಶ್ನೆ ಹೊತ್ತುಕೊಂಡು: ಏಲಕ್ಕಿ ಇಳುವರಿ ಕುಸಿದದ್ದೇಕೆ, ಏಲಕ್ಕಿ ವಿಜ್ಞಾನಿ ಜೋಗಿಹಾಳ್ ಸತ್ತದ್ದು ಹೇಗೆ? ಮಲೆನಾಡಿನ ಓದುಗರಿಗೆ ಮೊದಲ ಪ್ರಶ್ನೆ ಹಾಸ್ಯವೇನೂ ಅಲ್ಲ. ಗಿಡಹೇನುಗಳಿಂದ ಹರಡುವ ಕಟ್ಟೆ ರೋಗ ಏಲಕ್ಕಿ ತೋಟಗಳನ್ನು ನಿಜವಾಗಿಯೂ ಬರಿದು ಮಾಡಿದೆ. ನೆರಳಿನ ಮರ ಹೋದರೆ ಏಲಕ್ಕಿಯೂ ಹೋಗುತ್ತದೆ. ಹಾಸ್ಯ ಹುಟ್ಟುವುದು ಉತ್ತರಗಳಲ್ಲಿ. ಕೃಷ್ಣೇಗೌಡರ ಮನೆಯ ಮೇಲೆ ಕಲ್ಲು ಬೀಳುವ ಪ್ರಸಂಗವನ್ನೇ ನೋಡಬೇಕು. ಕಲ್ಲು ಬಿದ್ದದ್ದಂತೂ ಹೌದು, ಅದನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದು ಎಲ್ಲಿಂದ ಬಂತು ಎಂಬುದಕ್ಕೆ ಮಾತ್ರ ಊರಿನಲ್ಲಿ ತಲೆಗೊಂದು ವಿವರಣೆ. ಮಾಟ ಎನ್ನುವವರಿಗೆ ಮಾಟ ಬೇಕಾಗಿದೆ, ಮಾಟವನ್ನು ಬಯಲಿಗೆಳೆಯುತ್ತೇವೆ ಎಂದು ಹೊರಟ ಹುಡುಗರಿಗೆ ಒಂದು ಕ್ರಾಂತಿ ಬೇಕಾಗಿದೆ, ಶತ್ರುಗಳ ಕೈವಾಡ ಎನ್ನುವವರಿಗೆ ಶತ್ರು ಬೇಕಾಗಿದ್ದಾನೆ. ಯಾರೂ ಬೇಕೆಂದು ಸುಳ್ಳು ಹೇಳುತ್ತಿಲ್ಲ.

ತೇಜಸ್ವಿಯವರ ಉಪಾಯ ಇರುವುದು ಇಲ್ಲಿ. ಮಾಮೂಲಿ ಪತ್ತೇದಾರಿ ಕತೆಯಲ್ಲಿ ದಾರಿ ತಪ್ಪಿಸುವ ಸುಳಿವನ್ನು ಲೇಖಕನೋ ಕೊಲೆಗಾರನೋ ಇಟ್ಟಿರುತ್ತಾನೆ. ಪತ್ತೇದಾರ ಅದನ್ನು ಗುರುತಿಸಿ ಪಕ್ಕಕ್ಕೆ ಎಸೆದರೆ ಅಲ್ಲಿಗೆ ಅದರ ಕತೆ ಮುಗಿಯಿತು. ಕೆಸರೂರಿನಲ್ಲಿ ಸುಳ್ಳು ಸುಳಿವುಗಳನ್ನು ಊರಿನವರೇ ತಯಾರಿಸುತ್ತಾರೆ, ತಾವೇ ನಂಬುತ್ತಾರೆ, ನಂಬಿದ ಮೇಲೆ ಅದರಂತೆ ನಡೆಯುತ್ತಾರೆ. ಎಸೆದುಬಿಡಲು ಅಂಗಡಿಗೆ ಏನೂ ಉಳಿಯುವುದಿಲ್ಲ. ಓದುಗರು ಯಾವ ಗಾಳಿಮಾತಿಗೆ ನಕ್ಕಿದ್ದರೋ ಅಂಥದೇ ಗಾಳಿಮಾತು ಕೊನೆಗೆ ಊರನ್ನು ಎರಡು ಪಾಲು ಮಾಡುತ್ತದೆ. ಹಾಸ್ಯ ಮೊದಲು, ದುರಂತ ಆಮೇಲೆ ಎಂದು ಕಾದಂಬರಿಯನ್ನು ಇಬ್ಭಾಗ ಮಾಡುವ ವಿಮರ್ಶೆ ಎಡವುವುದು ಇಲ್ಲೇ. ನಕ್ಕ ಪುಟಗಳೇ ತನಿಖೆಯ ಸಾಕ್ಷ್ಯ. ಅವನ್ನು ಹಗುರವೆಂದು ದಾಟಿದವರಿಗೆ ಕೊನೆಯ ಗಲಭೆ ಎಲ್ಲಿಂದಲೋ ಬಂದು ಎರಗಿದಂತೆ ಕಂಡರೆ ಅದು ಕಾದಂಬರಿಕಾರರ ದೋಷವಲ್ಲ.

ಇನ್ನು ಬೆಂಕಿ. ಕೆಸರೂರನ್ನು ನುಂಗುವ ಆ ಕೊನೆಯ ಬೆಂಕಿಯನ್ನು ಪ್ರಳಯದ ರೂಪಕವೆಂದು ಕೊಂಡಾಡಿದವರಿದ್ದಾರೆ, ಕಗ್ಗಂಟು ಬಿಡಿಸಲಾಗದೆ ಲೇಖಕರು ಎಲ್ಲವನ್ನೂ ಸುಟ್ಟುಬಿಟ್ಟರು ಎಂದು ಗೊಣಗಿದವರೂ ಇದ್ದಾರೆ. ಇಬ್ಬರೂ ಲಂಟಾನವನ್ನು ಮರೆತಿದ್ದಾರೆ. ಅಮೆರಿಕದ ಉಷ್ಣವಲಯದಿಂದ ಅಂದದ ಗಿಡವಾಗಿ ಬಂದು, ಕಾಡು ಕಡಿದಲ್ಲೆಲ್ಲ ಹಬ್ಬಿ, ಬೇಸಗೆಯಲ್ಲಿ ಒಣಗಿ ನಿಲ್ಲುವ ಈ ಪೊದೆ ಕಾದಂಬರಿಯುದ್ದಕ್ಕೂ ಊರನ್ನು ಸುತ್ತುವರಿದಿದೆ. ಪತ್ತೇದಾರಿ ಬರವಣಿಗೆಗೆ ಒಂದು ಹಳೆಯ ಕಟ್ಟುಪಾಡಿದೆ: ಅಪರಾಧಿ ಓದುಗರ ಕಣ್ಣೆದುರಿಗೇ ಓಡಾಡಿಕೊಂಡಿರಬೇಕು. ತೇಜಸ್ವಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಮನುಷ್ಯರ ಮೇಲಷ್ಟೇ ಕಣ್ಣಿಟ್ಟವರಿಗೆ, ಅಂದರೆ ಅಂಗಡಿಗೂ ಬಹುಪಾಲು ವಿಮರ್ಶಕರಿಗೂ, ಲಂಟಾನ ಬರೀ ಹಿನ್ನೆಲೆಯಾಗಿ ಉಳಿಯಿತು. ಪರಿಸರದ ಕಾದಂಬರಿ ಎಂದು ಇದನ್ನು ಕರೆಯುವವರು ಕೂಡ ಗಿಡವನ್ನು ಸಂದೇಶವಾಗಿ ಓದಿದರೇ ಹೊರತು ಕತೆಯ ಸುಳಿವಾಗಿ ಓದಲಿಲ್ಲ.

ಕರಾವಳಿಯಲ್ಲಿ ಒಂದು ಆಕ್ಷೇಪ ಆಗಾಗ ಕೇಳಿಬರುತ್ತದೆ. ಅದಕ್ಕೆ ಉತ್ತರ ಹೇಳಲೇಬೇಕು. ಚಾರ್ಮಾಡಿ ಘಾಟಿಯ ಆಚೆಯ ಈ ಕತೆಗಳಲ್ಲಿ ಮಂಗಳೂರಿನ ಓದುಗರು ತಮ್ಮವರನ್ನು ಗುರುತಿಸುತ್ತಾರೆ. ಕರ್ವಾಲೊ ಎಂಬುದು ಇಲ್ಲಿನ ಕ್ರೈಸ್ತ ಮನೆತನಗಳ ಹೆಸರು, ‘ಚಿದಂಬರ ರಹಸ್ಯ’ದ ಸುಲೇಮಾನ್ ಬ್ಯಾರಿಯ ಬಂಧುಬಳಗ ಈ ನಗರದಲ್ಲೇ ಇದ್ದೀತು. ಘಟ್ಟದ ಮೇಲೆ ನಾಟಾ ವ್ಯಾಪಾರ ಮಾಡಿ ಶ್ರೀಮಂತನಾದ ಬ್ಯಾರಿ ಒಂದು ಸಿದ್ಧ ಅಚ್ಚಿನ ಪಾತ್ರ, ಸಮುದಾಯಕ್ಕೆ ಕಳಂಕ ಎಂಬ ಆಕ್ಷೇಪದಲ್ಲಿ ನೋವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪುಟಗಳನ್ನು ನಿಧಾನವಾಗಿ ನೋಡಿದವರಿಗೆ ಬೇರೆ ಲೆಕ್ಕ ಸಿಗುತ್ತದೆ. ಗೌಡರ ಜಂಬ, ಆಚಾರ್ಯರ ಪಾಂಡಿತ್ಯ, ಅಧಿಕಾರಿಯ ದರ್ಪ ಯಾವುದನ್ನೂ ಲೇಖಕರ ನಗು ಬಿಟ್ಟಿಲ್ಲ, ಬ್ಯಾರಿಗೆ ಬಂದದ್ದು ಅವನ ಪಾಲು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಅವನ ಮೇಲಿನ ದ್ವೇಷ ಮೊದಲು ಹುಟ್ಟುವುದು ಅವನ ದುಡ್ಡನ್ನು ಕಂಡು, ಧರ್ಮದ ಬಣ್ಣ ಬಳಿದುಕೊಳ್ಳುವುದು ಆಮೇಲೆ ಎಂಬುದನ್ನು ಕಾದಂಬರಿ ಹಂತಹಂತವಾಗಿ ತೋರಿಸುತ್ತದೆ. ಇಳುವರಿ ಬಿದ್ದ ತೋಟದ ಒಡೆಯರಿಗೆ ನೆರೆಯವನ ಏಳಿಗೆ ಕಣ್ಣು ಚುಚ್ಚುವುದನ್ನು ಇಷ್ಟು ನಿಖರವಾಗಿ ಕಂಡ ಬರವಣಿಗೆ ಕರಾವಳಿಯಲ್ಲೇ ಹೆಚ್ಚು ಇಲ್ಲ.

ಕಾದಂಬರಿಯ ದೋಷ ಇರುವುದು ಬೇರೆ ಕಡೆ. ರಫಿ ಮತ್ತು ಜಯಂತಿಯ ಪ್ರೇಮದ ಹತ್ತಿರ ಬಂದಾಗ ತೇಜಸ್ವಿ ನಗುವುದನ್ನು ನಿಲ್ಲಿಸುತ್ತಾರೆ. ಊರಿನ ಸಣ್ಣಪುಟ್ಟವರನ್ನೆಲ್ಲ ಮೈಯೆಲ್ಲ ಕಣ್ಣಾಗಿ ನೋಡಿದ ಗದ್ಯ ಇಲ್ಲಿ ಮೆತ್ತಗಾಗುತ್ತದೆ. ಬೆಂಕಿಯಿಂದ ಪಾರಾಗಿ ಮೇಲೆ ಹತ್ತುವ ಈ ಇಬ್ಬರು ಭರವಸೆಯ ಗುರುತಾಗಿ ನಿಲ್ಲುತ್ತಾರೆ, ಮನುಷ್ಯರಾಗಿ ಅಷ್ಟು ನಿಲ್ಲುವುದಿಲ್ಲ. ‘ಕರ್ವಾಲೊ’ದ ಮಂದಣ್ಣನಿಗೆ ಇಂಥ ರಿಯಾಯಿತಿ ಸಿಕ್ಕಿರಲಿಲ್ಲ. ಜೇನು, ಮದುವೆ, ಕಳ್ಳಭಟ್ಟಿಯ ಮೊಕದ್ದಮೆಗಳಲ್ಲಿ ಮುಗ್ಗರಿಸುತ್ತಲೇ ಇದ್ದ ಅವನ ಕಣ್ಣಿಗೇ ಆ ಕಾದಂಬರಿಯ ಹುಡುಕಾಟದ ಗುರಿಯಾದ ಹಾರುವ ಓತಿ ಬಿದ್ದದ್ದು. ಅದಕ್ಕೇ ಓತಿ ಕೊನೆಗೆ ಪ್ರಪಾತದ ಕಡೆ ತೇಲಿಹೋದಾಗಲೂ ಹುಡುಕಾಟ ಸೋತಂತೆ ಅನಿಸುವುದಿಲ್ಲ.

‘ಜುಗಾರಿ ಕ್ರಾಸ್’ ಬರೀ ರೋಚಕ ಕತೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಸುಮಾರು ಒಂದು ಹಗಲು, ಒಂದು ರಾತ್ರಿಯೊಳಗೆ ಮುಗಿಯುವ ಅದರ ಓಟದಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಜಗಳವಾಡುತ್ತಾರೆ, ಹೆದರುತ್ತಾರೆ, ಪೆದ್ದರಂತೆ ಎಡವುತ್ತಾರೆ. ಲೇಖಕರು ಅವರನ್ನು ನಗುವಿನಿಂದ ಕಾಪಾಡಲು ಹೋಗಿಲ್ಲ, ಹಾಗಾಗಿ ಅವರ ಪ್ರಾಣಭಯ ಓದುಗರಿಗೂ ತಾಗುತ್ತದೆ. ರಫಿ ಮತ್ತು ಜಯಂತಿಯಲ್ಲಿ ಆಗದೇ ಹೋದದ್ದು ಈ ದಂಪತಿಯಲ್ಲಿ ಆಗಿದೆ. ಪಠ್ಯಪುಸ್ತಕ ಆರಿಸುವ ಸಮಿತಿಗಳು ‘ಚಿದಂಬರ ರಹಸ್ಯ’ದ ಪಕ್ಕದಲ್ಲಿ ‘ಜುಗಾರಿ ಕ್ರಾಸ್’ ಅನ್ನೂ ಇಡಬೇಕು. ಅದು ಪತ್ತೇದಾರಿ ಎಂಬುದನ್ನು ಮುನ್ನುಡಿಯಲ್ಲಿ ಮುಚ್ಚಿಡದೆ ಇಡಬೇಕು.