ಕಂಕುಳ ಕೆಳಗಿನ ಚೌಕ

ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಅರಸನಾದವನು ಯಾವ ಋತುವಿನಲ್ಲಿ ಎಂತಹ ವಸ್ತ್ರವನ್ನು ಧರಿಸಬೇಕೆಂಬುದನ್ನು ‘ವಸ್ತ್ರೋಪಭೋಗ’ವೆಂಬ ಪ್ರಕರಣದಲ್ಲಿ ವಿಸ್ತರಿಸಿದ್ದಾನೆ. ಅದೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ ಒಬ್ಬನು. ರಾಜರ ಉಡುಪಿನ ವೈಭವವು ಗ್ರಂಥಸ್ಥವಾಯಿತು. ಆ ಶರಣನ ಕಸುಬಿನವರ ಜಾಣ್ಮೆಯಾದರೋ ಅಂಗಿಯ ಒಳಹೊಲಿಗೆಗಳಲ್ಲಿಯೇ ಅಡಗಿ ಉಳಿಯಿತು.

ಬಸವಕಲ್ಯಾಣ, ಹುಮನಾಬಾದುಗಳ ಕಡೆ ಹಿರಿಯರು ಧೋತರದ ಮೇಲೆ ತೊಡುತ್ತಿದ್ದ ಹಳೆಯ ಹೊಲಿಗೆಯ ಅಂಗಿಯನ್ನು ಒಳಮೈ ಹೊರಗಾಗಿ ತಿರುವಿ ನೋಡಿದರೆ, ತೋಳೂ ಮೈಯೂ ಕೂಡುವ ಕಂಕುಳಲ್ಲಿ ಅಂಗೈಗಿಂತ ಕಿರಿದಾದ ಚೌಕ ತುಂಡೊಂದು ಕಾಣುತ್ತದೆ. ತಿಳಿಯದವನು ಅದನ್ನು ಅರಿವೆ ಸಾಲದೆ ಹಚ್ಚಿದ ತೇಪೆಯೆಂದುಕೊಂಡಾನು. ಕೈಮಗ್ಗದ ಅರಿವೆ ಅಗಲದಲ್ಲಿ ಕಿರಿದೂ ಬೆಲೆಯಲ್ಲಿ ಹಿರಿದೂ ಆಗಿದ್ದ ಕಾಲದಲ್ಲಿ, ಚೂರೂ ವ್ಯರ್ಥವಾಗದಂತೆ ಮೈಯನ್ನೂ ತೋಳನ್ನೂ ನೇರವಾಗಿಯೇ ಕತ್ತರಿಸಿ ಕೂಡಿಸುತ್ತಿದ್ದರು. ಹಾಗೆ ಹೊಲಿದ ಅಂಗಿ ಕೈಯೆತ್ತಿದೊಡನೆ ಮೇಲಕ್ಕೆ ಜಗ್ಗುತ್ತದೆ, ಇಲ್ಲವೆ ಕಂಕುಳಲ್ಲಿ ಹರಿಯುತ್ತದೆ. ಓರೆಯಾಗಿ ಎಳೆದರೆ ಹಿಗ್ಗುವುದು ನೇಯ್ದ ಬಟ್ಟೆಯ ಸ್ವಭಾವವಾದುದರಿಂದ, ಮೂಲೆಯಿಂದ ಮೂಲೆಗೆ ಎಳೆತ ಬೀಳುವಂತೆ ಕೂಡಿಸಿದ ಆ ಚೌಕವು ಬಾವಿಯ ನೀರು ಸೇದುವವನ, ಬಂಡಿಗೆ ಹೊರೆಯೇರಿಸುವವನ ತೋಳಿಗೆ ಬೇಕಾದಷ್ಟು ಎಡೆಗೊಡುತ್ತಿತ್ತು. ಬೆವರಿನಿಂದ ಜೀರ್ಣವಾದರೆ ಅದೊಂದನ್ನೇ ಬಿಚ್ಚಿ ಬದಲಿಸಲೂ ಬರುತ್ತಿತ್ತು.

ಅಂಗಿಯ ಇಕ್ಕೆಲದ ಸೀಳೂ ನಿಷ್ಕಾರಣವಾದುದಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವನ ತೊಡೆಗೆ ಅದು ಎಡೆ; ಒಳಗೆ ತೊಟ್ಟ ಬಂಡಿಯೆಂಬ ಒಳಅಂಗಿಯ ಕಿಸೆಗೆ ಹೋಗುವ ಕೈಗೆ ಅದು ದಾರಿ. 1948ರ ಸೆಪ್ಟೆಂಬರದವರೆಗೆ ಈ ಸೀಮೆಯನ್ನಾಳಿದ ನಿಜಾಮರ ಹೈದರಾಬಾದಿನ ಶೇರವಾನಿಗೂ ಸೀಳಿಲ್ಲದೆ ಗತಿಯಿಲ್ಲ. ಮೊಣಕಾಲು ಮುಟ್ಟುವ ಅಂಗರಕೆಯನ್ನು ತೊಟ್ಟು ನಡೆಯುವುದಾದರೂ ಹೇಗೆ? ಎಳೆತವೆಲ್ಲ ಸೀಳಿನ ತಲೆಯಲ್ಲಿಯೇ ಬೀಳುವುದರಿಂದ ಅಲ್ಲಿ ಅರಿವೆಯ ತುಣುಕೊಂದನ್ನಿಟ್ಟು ಎರಡು ಸಲ ಹೊಲಿಯುವುದು ಬಲ್ಲ ದರ್ಜಿಯ ಲಕ್ಷಣ.

ಹೆಂಗಸರ ಉಡುಪಿನಲ್ಲಿಯಾದರೆ ಗುಳೇದಗುಡ್ಡದ ಖಣದ ಕುಬಸವನ್ನು ನೋಡಿರಿ. ಮುಂದೆ ಗಂಟು ಹಾಕುವ ಆ ಪದ್ಧತಿಯಿಂದ ಬಸುರಿನಲ್ಲಿಯೂ ಬಾಣಂತನದಲ್ಲಿಯೂ ಒಂದೇ ಕುಬಸ ಮೈಗೆ ಹೊಂದುತ್ತಿತ್ತು, ಕೂಸಿಗೆ ಹಾಲೂಡಲು ಅನುಕೂಲವಾಗುತ್ತಿತ್ತು. ಖಣದ ದಡಿಯನ್ನು ತೋಳಿನ ಅಂಚಿಗೆ ತಂದುದು ಬರಿಯ ಚೆಲುವಿಗಲ್ಲ; ಮಗ್ಗದಲ್ಲಿಯೇ ಮುಗಿದ ಅಂಚು ಎಳೆ ಬಿಡದು, ಮಡಿಚಿ ಹೊಲಿಯುವ ಕೆಲಸವೂ ಇಲ್ಲ.

ಇಂದಿನ ಸಿದ್ಧ ಉಡುಪಿನವರು ಈ ಆಸ್ತಿಯಲ್ಲಿ ಕಣ್ಣಿಗೆ ಕಾಣುವುದನ್ನು ಉಳಿಸಿಕೊಂಡು, ಕಾಣದುದನ್ನು ಕೈಬಿಟ್ಟಿದ್ದಾರೆ. ಸೀಳಿನ ಸುತ್ತ ಕಸೂತಿ ಬಂದಿದೆ, ಕಂಕುಳ ಚೌಕ ಹೋಗಿದೆ. ಆದುದರಿಂದ ಅಂಗಡಿಗೆ ಹೋದ ರಸಿಕರು ಎರಡೂ ಕೈಗಳನ್ನು ಮೇಲೆತ್ತಿ, ಸಾಧ್ಯವಾದರೆ ಒಮ್ಮೆ ನೆಲದ ಮೇಲೆ ಕುಳಿತೆದ್ದು, ಆಮೇಲೆ ಬೆಲೆ ಕೇಳುವುದು ಲೇಸು. ಕನ್ನಡಿಯ ಮುಂದೆ ನೆಟ್ಟಗೆ ನಿಂತವನಿಗೆ ಯಾವ ಅಂಗಿಯಾದರೂ ಒಪ್ಪುತ್ತದೆ.