ಮೂಳೆ, ಮಡಕೆ ಮತ್ತು ಅಪರಿಗ್ರಹ: ಪುರಾತತ್ತ್ವದ ಅನುಮಾನಗಳ ಒಂದು ವಿಮರ್ಶೆ

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಗಸ್ತ್ಯೇಶ್ವರ ಮತ್ತು ಗುಂಜಾನರಸಿಂಹ ದೇವಾಲಯಗಳಿಂದಲೂ 1989ರಲ್ಲಿ ಆರಂಭವಾದ ಕುಂಭಮೇಳದಿಂದಲೂ ಈ ಸಂಗಮವು ನಾಡಿನವರಿಗೆಲ್ಲ ಪರಿಚಿತವಾಗಿದೆ. ಆದರೆ ಇದೇ ಸಂಗಮದ ದಂಡೆಯಲ್ಲಿ ಮೈಸೂರಿನ ವಿದ್ವಾಂಸರಾದ ಡಾ. ಎಂ. ಶೇಷಾದ್ರಿಯವರು 1959-60 ಹಾಗೂ 1961-62ರಲ್ಲಿ ಉತ್ಖನನ ನಡೆಸಿ, ಕಬ್ಬಿಣವನ್ನರಿಯದ ನವಶಿಲಾಯುಗದ ಜನರ ಸಮಾಧಿಗಳನ್ನು ಬೆಳಕಿಗೆ ತಂದರೆಂಬುದು ಸುತ್ತಮುತ್ತಲ ಹಳ್ಳಿಗಳವರಿಗೂ ಅಷ್ಟಾಗಿ ತಿಳಿದಿಲ್ಲ. ನಯಗೊಳಿಸಿದ ಕಲ್ಲಿನ ಕೊಡಲಿ, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆ, ಮಡಕೆಗಳೊಡನೆ ಹೂಳಲ್ಪಟ್ಟ ಮನುಷ್ಯರ ಅಸ್ಥಿಪಂಜರ: ಇವಿಷ್ಟೂ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದವು.

ಆ ಜನರು ತಮ್ಮ ವಿಷಯವಾಗಿ ಒಂದು ಅಕ್ಷರವನ್ನೂ ಬರೆದಿಟ್ಟಿಲ್ಲ. ಹಾಗಿದ್ದೂ ಅವರು ಏನನ್ನು ತಿಂದರು, ಅವರಲ್ಲಿ ಮೇಲುಕೀಳುಗಳಿದ್ದವೆ, ಮರಣಾನಂತರದ ಬಗ್ಗೆ ಅವರ ನಂಬಿಕೆ ಏನಾಗಿತ್ತು ಎಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಹೇಗೆ ಹೇಳುತ್ತಾರೆ? ಯಾವ ಮಾತನ್ನು ನಾವು ಒಪ್ಪಬೇಕು, ಯಾವುದನ್ನು ತಡೆದು ಕೇಳಬೇಕು? ಇದು ಕೇವಲ ವಿದ್ವಾಂಸರ ಪ್ರಶ್ನೆಯೆಂದು ನಾನು ಭಾವಿಸಿಲ್ಲ. ಬಸದಿಗಳ ಆಡಳಿತವನ್ನು ಹೊತ್ತ ನಮ್ಮವರಿಗೂ ಇದು ಸಂಬಂಧಿಸಿದ್ದೆಂಬುದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ನಮ್ಮ ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಅದೊಂದು ಪ್ರಮಾಣ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಸರಿಯಾದ ಹೇತುವಿಗೆ ಮೂರು ಲಕ್ಷಣಗಳಿರಬೇಕೆಂದು ಬೌದ್ಧ ತಾರ್ಕಿಕರು ವಾದಿಸಿದರೆ, ಪಾತ್ರಕೇಸರಿ, ಅಕಲಂಕರೇ ಮೊದಲಾದ ಜೈನಾಚಾರ್ಯರು ಒಂದೇ ಲಕ್ಷಣ ಸಾಕೆಂದರು. ಅದೇ ಅನ್ಯಥಾನುಪಪತ್ತಿ. ಎಂದರೆ, ಸಾಧಿಸಬೇಕಾದ ವಿಷಯವು ನಿಜವಲ್ಲದಿದ್ದರೆ ಈ ಕುರುಹು ಇರುವುದು ಸಾಧ್ಯವೇ ಇಲ್ಲವೆಂಬಂತಿರಬೇಕು. ಬೇರೊಂದು ಕಾರಣದಿಂದಲೂ ಆ ಕುರುಹು ಉಂಟಾಗಬಹುದಾದರೆ ಹೇತು ಬಿದ್ದುಹೋಯಿತು. ಮಣ್ಣಿನಡಿಯಿಂದ ಬಂದ ಸಾಕ್ಷ್ಯವನ್ನು ತೂಗಲು ಇದಕ್ಕಿಂತ ಉತ್ತಮವಾದ ತಕ್ಕಡಿಯನ್ನು ನಾನು ಕಾಣೆ.

ಮೊದಲು ಈ ಪರೀಕ್ಷೆಯಲ್ಲಿ ಗೆಲ್ಲುವ ಅನುಮಾನಗಳನ್ನು ನೋಡೋಣ. ವಯಸ್ಕರ ಸೊಂಟದ ಮೂಳೆಯು ಸಂಪೂರ್ಣವಾಗಿ ದೊರೆತರೆ ಅದು ಸ್ತ್ರೀಯದೋ ಪುರುಷನದೋ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಹಲ್ಲು ಮೂಡಿರುವ ಕ್ರಮದಿಂದ ಮಗುವಿನ ವಯಸ್ಸು ತಿಳಿಯುತ್ತದೆ. ಬಾಲ್ಯದಲ್ಲಿ ಆಹಾರದ ಕೊರತೆಯೋ ಕಾಯಿಲೆಯೋ ಬಾಧಿಸಿದರೆ ಹಲ್ಲಿನ ಹೊರಪದರದಲ್ಲಿ ಗೆರೆಗಳುಳಿಯುತ್ತವೆ. ಇಲ್ಲಿಯೂ ಮಿತಿಗಳಿವೆ: ಮಕ್ಕಳ ಮೂಳೆಯ ಆಕಾರದಿಂದ ಗಂಡು ಹೆಣ್ಣೆಂಬುದನ್ನು ಖಚಿತವಾಗಿ ಹೇಳಲಾಗದು, ವೃದ್ಧರ ವಯಸ್ಸು ಅಂದಾಜು ಮಾತ್ರ. ಪ್ರಾಮಾಣಿಕ ವಿದ್ವಾಂಸರು ಈ ಮಿತಿಗಳನ್ನು ತಮ್ಮ ವರದಿಗಳಲ್ಲಿ ತಾವೇ ಬರೆದಿರುತ್ತಾರೆ.

ಇನ್ನೊಂದು ಉತ್ತಮ ನಿದರ್ಶನ ಬೂದಿದಿಬ್ಬಗಳದು. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ದೊಡ್ಡ ದೊಡ್ಡ ಬೂದಿಯ ದಿಬ್ಬಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯೆಂದು ಜನ ತೋರಿಸುತ್ತಾರೆ. ಇದು ಸುಟ್ಟ ಸಗಣಿಯ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲೇ ಸೂಚಿಸಿದ್ದರು. ರೇಮಂಡ್ ಆಲ್ಚಿನ್ ಅವರು 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೂಟಗಳ ಗುರುತುಗಳೂ ದನಗಳ ಗೊರಸಿನ ಅಚ್ಚುಗಳೂ ಕಂಡವು. ದನಗಳಿಲ್ಲದೆ ಗೊರಸಿನ ಅಚ್ಚು ಬೀಳದು. ಇದು ನಿಜವಾದ ಅನ್ಯಥಾನುಪಪತ್ತಿ.

ಅಂತೆಯೇ ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬರುವ ಕರಕಲು ಕಾಳುಗಳನ್ನು ಸೋಸಿ ಪರೀಕ್ಷಿಸುವ ಕ್ರಮವಿದೆ. ಡೋರಿಯನ್ ಫುಲ್ಲರ್ ಹಾಗೂ ನಮ್ಮವರೇ ಆದ ರವಿ ಕೋರಿಶೆಟ್ಟರ್ ಮುಂತಾದವರು ಸಂಗನಕಲ್ಲು, ಹಳ್ಳೂರು ಮೊದಲಾದೆಡೆ ನಡೆಸಿದ ಇಂಥ ಶೋಧನೆಯಿಂದ ನವಶಿಲಾಯುಗದವರ ಹಗೇವಿನಲ್ಲಿ ಹುರುಳಿ, ಹೆಸರು, ಕೊರಲೆಗಳಿದ್ದುದು ಸಿದ್ಧವಾಯಿತು. ನಮ್ಮ ಮನೆಗಳ ಹುರುಳಿಯು ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆಯೇ ಈ ನೆಲದಲ್ಲಿ ಬೆಳೆಯುತ್ತಿತ್ತೆಂಬುದು ಸಂತೋಷದ ಸಂಗತಿ. ಆದರೆ ಸತ್ಯವನ್ನು ಅರ್ಧ ಹೇಳಬಾರದು. ಪ್ರೊ. ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನದಲ್ಲಿ ಪ್ರಾಣಿಗಳನ್ನು ಕೊಯ್ದು ಮಾಂಸ ಬೇರ್ಪಡಿಸುತ್ತಿದ್ದ ಜಾಗವೂ ದೊರೆತಿದೆ. ಅಂದಿನವರೆಲ್ಲ ಸಸ್ಯಾಹಾರಿಗಳಾಗಿದ್ದರೆಂದು ನಮ್ಮ ಉಪನ್ಯಾಸಗಳಲ್ಲಿ ಆಗಾಗ ಕೇಳಿಬರುವ ಮಾತಿಗೆ ಆಧಾರವಿಲ್ಲ.

ಇನ್ನು ತೊಡಕಿನ ಭಾಗ. ಇಂಗ್ಲೆಂಡಿನ ಕ್ರಿಸ್ಟೋಫರ್ ಹಾಕ್ಸ್ ಎಂಬ ವಿದ್ವಾಂಸರು 1954ರಲ್ಲಿ ಪುರಾತತ್ತ್ವದ ಅನುಮಾನಗಳನ್ನು ಒಂದು ಏಣಿಗೆ ಹೋಲಿಸಿದರು. ವಸ್ತುವನ್ನು ಹೇಗೆ ತಯಾರಿಸಿದರೆಂಬುದು ಕೆಳಗಿನ ಮೆಟ್ಟಿಲು, ಸುಲಭ. ಜೀವನೋಪಾಯ ಅದರ ಮೇಲಿನದು. ಸಮಾಜದ ವ್ಯವಸ್ಥೆ ಇನ್ನೂ ಮೇಲೆ. ಧರ್ಮ ಮತ್ತು ನಂಬಿಕೆ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಕಷ್ಟ. ನನ್ನ ಆಕ್ಷೇಪವಿಷ್ಟೆ: ಕೆಳಗಿನ ಮೆಟ್ಟಿಲಲ್ಲಿ ಗಳಿಸಿದ ವಿಶ್ವಾಸವನ್ನು ಬಂಡವಾಳವಾಗಿಟ್ಟುಕೊಂಡು ಮೇಲಿನ ಮೆಟ್ಟಿಲಲ್ಲಿ ಸಾಲದ ವ್ಯಾಪಾರ ಮಾಡಲಾಗುತ್ತಿದೆ.

ಸಮಾಧಿಯಲ್ಲಿಟ್ಟ ವಸ್ತುಗಳನ್ನೇ ತೆಗೆದುಕೊಳ್ಳಿ. ಹೆಚ್ಚು ಮಡಕೆ ಮಣಿಗಳಿದ್ದರೆ ಸತ್ತವನು ಸಿರಿವಂತ, ಬರಿಗೈಯಾಗಿದ್ದರೆ ಬಡವ ಎಂದು ಬರೆಯುವ ವಾಡಿಕೆಯಿದೆ. ಆದರೆ ಹೆಣದ ಬಳಿ ವಸ್ತುವನ್ನಿಟ್ಟವರು ಬದುಕಿದ್ದವರು. ಅದು ಅವರ ಪ್ರೀತಿಯೋ ಭಯವೋ ನೆರೆಹೊರೆಯವರೆದುರು ಮೆರೆಯುವ ಆಸೆಯೋ ಆಗಿರಬಹುದು. ತಿರುಮಕೂಡಲಿನಲ್ಲೂ ಅದಕ್ಕೆ ಸಮೀಪದ ಹೆಮ್ಮಿಗೆಯಲ್ಲೂ ಮಣ್ಣಿನ ತಲೆದಿಂಬುಗಳು ದೊರೆತಿವೆ. ಪ್ರಾಚೀನ ಈಜಿಪ್ಟಿನಲ್ಲೂ ಇಂಥವು ಇದ್ದುದರಿಂದ ಸಂಬಂಧ ಕಲ್ಪಿಸುವ ಆಸೆ ಸಹಜವೆ. ಆದರೆ ಮಲಗುವಾಗ ತಲೆಗೆ ಆಸರೆ ಬೇಕೆಂಬುದು ಎಲ್ಲ ದೇಶದ ಮನುಷ್ಯನಿಗೂ ತೋಚುವ ಸಂಗತಿ. ಹೋಲಿಕೆಯೊಂದೇ ಹೇತುವಾಗಲಾರದು.

ಮೂಳೆಗಳೂ ಹೀಗೆಯೇ ಮೋಸಮಾಡುತ್ತವೆ. ರೋಗದ ಗುರುತಿರುವ ಮೂಳೆಗಳು ಹೆಚ್ಚಾಗಿ ದೊರೆತ ಊರು ಅನಾರೋಗ್ಯದ್ದೆಂದು ಹಿಂದೆ ತಿಳಿಯುತ್ತಿದ್ದರು. ಜೇಮ್ಸ್ ವುಡ್ ಮತ್ತು ಸಂಗಡಿಗರು 1992ರಲ್ಲಿ ಇದಕ್ಕೆ ತಡೆ ಹಾಕಿದರು. ರೋಗವು ಮೂಳೆಗೆ ಇಳಿಯಲು ದೀರ್ಘಕಾಲ ಬೇಕು. ದುರ್ಬಲನು ಅದಕ್ಕೆ ಮೊದಲೇ ತೀರಿಕೊಂಡು ಶುಭ್ರವಾದ ಮೂಳೆಯನ್ನು ಬಿಟ್ಟುಹೋಗುತ್ತಾನೆ. ಗಾಯದ ಗುರುತು ಹೊತ್ತವನು ರೋಗವನ್ನು ತಾಳಿಕೊಂಡು ಬದುಕಿದವನಾಗಿರಬಹುದು. ನಮ್ಮ ವಾಚಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. ಮೂಳೆಯಲ್ಲಿರುವ ಸಾರಜನಕದ ವಿಧಗಳನ್ನು ಅಳೆದು, ಆ ವ್ಯಕ್ತಿ ಪ್ರಾಣಿಜನ್ಯ ಆಹಾರವನ್ನು ಎಷ್ಟು ಸೇವಿಸಿದನೆಂದು ಇಂದು ಅಂದಾಜು ಮಾಡುತ್ತಾರೆ. ಆದರೆ ಆ ಅಳತೆಯಿಂದ ಹಾಲು ಮೊಸರುಗಳನ್ನೂ ಮಾಂಸವನ್ನೂ ಬೇರ್ಪಡಿಸಲಾಗದು. ಜನ್ಮದಲ್ಲಿ ಮಾಂಸ ಮುಟ್ಟದ ಶ್ರಾವಕನೊಬ್ಬನ ಮೂಳೆಯು ಸಾವಿರ ವರ್ಷಗಳ ನಂತರ ಅವನನ್ನು ಮಾಂಸಾಹಾರಿಯೆಂದು ತೋರಿಸಬಹುದು!

ನಾನು ವಾಣಿಜ್ಯ ಓದಿದವನು. ಕಿರ್ದಿ ಕಳೆದುಹೋದ ಅಂಗಡಿಯ ವ್ಯಾಪಾರವನ್ನು ಉಳಿದ ದಾಸ್ತಾನಿನಿಂದ ಊಹಿಸುವ ಲೆಕ್ಕವನ್ನು ನಮಗೆ ಕಲಿಸುತ್ತಿದ್ದರು. ಉಳಿದ ಸರಕನ್ನು ಎಣಿಸಬಹುದು. ಆದರೆ ಯಾರಿಗೆ ಎಷ್ಟು ದಾನ ಹೋಯಿತು, ಯಾವ ಬಾಕಿಯನ್ನು ಕರುಣೆಯಿಂದ ಬಿಟ್ಟುಕೊಟ್ಟರು ಎಂಬುದು ದಾಸ್ತಾನಿನಲ್ಲಿ ಕಾಣದು. ನೆಲವೂ ಮನುಷ್ಯನು ಇಟ್ಟುಕೊಂಡದ್ದನ್ನು ಕಾಪಾಡುತ್ತದೆ; ಬಿಟ್ಟುಕೊಟ್ಟದ್ದಕ್ಕೆ ಅದರಲ್ಲಿ ಲೆಕ್ಕವಿಲ್ಲ.

ದಿಗಂಬರ ಮುನಿಯೊಬ್ಬರ ಜೀವನವನ್ನು ಹೀಗೆ ಅಗೆದು ಕಂಡುಹಿಡಿಯಬಹುದೆ? ನವಿಲುಗರಿಯ ಪಿಂಛಿ ಮಣ್ಣಾಗುತ್ತದೆ, ಮರದ ಕಮಂಡಲು ಮಣ್ಣಾಗುತ್ತದೆ. ಪಾತ್ರೆಯಿಲ್ಲ, ವಸ್ತ್ರವಿಲ್ಲ, ಆಭರಣವಿಲ್ಲ. ದೇಹವು ಚಿತೆಯಲ್ಲಿ ಬೂದಿಯಾಗುತ್ತದೆ. ಅಕಸ್ಮಾತ್ ಮೂಳೆ ಉಳಿದರೂ, ಸಲ್ಲೇಖನದ ಕೊನೆಯ ಕೆಲವು ವಾರಗಳ ಉಪವಾಸವು ಮೂಳೆಯಲ್ಲಿ ಗುರುತು ಮೂಡಿಸುವಷ್ಟು ದೀರ್ಘವಲ್ಲ. ಮೂಡಿಸಿದರೂ ಅದು ಬರಗಾಲದ ಹಸಿವೋ ಸ್ವಇಚ್ಛೆಯ ವ್ರತವೋ ಎಂದು ಮೂಳೆ ಹೇಳಲಾರದು. ವಸ್ತುಗಳಿಂದಲೇ ಸಮಾಜವನ್ನು ಅಳೆಯುವ ಶಾಸ್ತ್ರಕ್ಕೆ ಅಪರಿಗ್ರಹವು ಬಡತನವಾಗಿಯೇ ತೋರುತ್ತದೆ.

ಈ ಕುರುಡನ್ನು ನೀಗಿಸಿದ್ದು ನಮ್ಮ ನಿಷಿಧಿಗಲ್ಲುಗಳು. ರಾಷ್ಟ್ರಕೂಟರ ಇಂದ್ರರಾಜನು 982ರಲ್ಲಿ ಶ್ರವಣಬೆಳಗೊಳದಲ್ಲಿ ವ್ರತದಿಂದ ದೇಹತ್ಯಾಗ ಮಾಡಿದನೆಂದೂ, ಹೊಯ್ಸಳರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯು ಮಗಳ ಮರಣಾನಂತರ ಅಲ್ಲಿಯೇ ಸಲ್ಲೇಖನ ಕೈಗೊಂಡಳೆಂದೂ ನಾವು ತಿಳಿದಿರುವುದು ಶಾಸನಗಳಿಂದ. ಲೂಯಿ ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಆ ಸಂಖ್ಯೆ 500ಕ್ಕೇರಿತು. ಈ ಕಲ್ಲುಗಳಿಲ್ಲದಿದ್ದರೆ ಚಿಕ್ಕಬೆಟ್ಟವು ಬರಿಯ ಬಂಡೆಯಾಗಿಯೇ ಉಳಿಯುತ್ತಿತ್ತು.

ಇಷ್ಟಾದರೂ ಪುರಾತತ್ತ್ವಶಾಸ್ತ್ರದ ಒಂದು ಗುಣವನ್ನು ಮೆಚ್ಚಲೇಬೇಕು. ಸರ್ ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದು, ಅಲ್ಲಿಯ ಕಲ್ಲುಕೊಡಲಿ ಸಂಸ್ಕೃತಿಯ ಆರಂಭವನ್ನು ಕ್ರಿಸ್ತಪೂರ್ವ ಮೊದಲ ಸಹಸ್ರಮಾನಕ್ಕೆ ನಿಗದಿಪಡಿಸಿದರು. ಇಂಗಾಲದ ಕಾಲಗಣನೆ ಬಂದಮೇಲೆ ದಕ್ಷಿಣದ ನವಶಿಲಾಯುಗವು ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಎಷ್ಟೇ ದೊಡ್ಡವರ ಮಾತಾದರೂ ಮುಲಾಜಿಲ್ಲದೆ ತಿದ್ದಿದರು. ಲೆಕ್ಕದಲ್ಲಿ ತಪ್ಪು ನಮೂದನ್ನು ಅಳಿಸದೆ, ತಿದ್ದುಪಡಿಯನ್ನು ಬೇರೆಯಾಗಿ ಬರೆಯುವುದು ಶಿಸ್ತು. ಆ ಶಿಸ್ತು ಅಲ್ಲಿದೆ.

ನಮ್ಮಲ್ಲಿದೆಯೆ? ರಾಮಪ್ರಸಾದ ಚಂದ ಅವರು 1932ರಲ್ಲಿ ಸಿಂಧೂ ಮುದ್ರೆಗಳ ನಿಂತ ಆಕೃತಿಗಳು ವೃಷಭದೇವನ ಕಾಯೋತ್ಸರ್ಗವನ್ನು ನೆನಪಿಸುತ್ತವೆಂದು ಬರೆದರು. ಅವರದು ಎಚ್ಚರದ ಸೂಚನೆ. ನಮ್ಮ ವೇದಿಕೆಗಳಲ್ಲಿ ಅದೀಗ ನಿಶ್ಚಿತ ಸಿದ್ಧಾಂತ. ಆ ಲಿಪಿಯನ್ನು ಇಂದಿಗೂ ಸರ್ವಸಮ್ಮತವಾಗಿ ಓದಲಾಗಿಲ್ಲ. ನೆಟ್ಟಗೆ ನಿಂತವರೆಲ್ಲ ತೀರ್ಥಂಕರರಲ್ಲ. ಈಜಿಪ್ಟಿನ ತಲೆದಿಂಬಿಗೆ ಹಾಕಿದ ತಕ್ಕಡಿಯನ್ನೇ ಇದಕ್ಕೂ ಹಾಕಬೇಡವೆ? ಮಥುರೆಯ ಕಂಕಾಲೀ ಟೀಲಾದಲ್ಲಿ ದಾನಿಗಳ ಹೆಸರುಗಳೊಡನೆ ದೊರೆತ ಜಿನಬಿಂಬಗಳಿವೆ. ಗಟ್ಟಿಯಾದ ನಾಣ್ಯವಿರುವಾಗ ಸಂದೇಹದ ನಾಣ್ಯವನ್ನು ಚಲಾವಣೆಗೆ ತರುವುದು ಸತ್ಯಾಣುವ್ರತಿಗೆ ಶೋಭಿಸದು.

ಕೊನೆಯದಾಗಿ ನನ್ನದೇ ತಪ್ಪೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ಹಳೆಯ ಬಸದಿಯ ಜೀರ್ಣೋದ್ಧಾರ ಸಮಿತಿಯಲ್ಲಿ ನಾನೂ ಇದ್ದೆ. ಹೊಸ ತಳಪಾಯಕ್ಕಾಗಿ ಆಳುದ್ದ ಅಗೆದಾಗ ಮಡಕೆಯ ಚೂರುಗಳು, ಹಳೆಯ ಇಟ್ಟಿಗೆಗಳು, ಒಂದು ಮುರಿದ ಬರಹದ ಕಲ್ಲು ಬಂದವು. ಕೆಲಸ ನಿಲ್ಲಬಾರದೆಂದು ಎಲ್ಲವನ್ನೂ ಟ್ರ್ಯಾಕ್ಟರಿಗೆ ತುಂಬಿಸಿ ಹಳ್ಳಕ್ಕೆ ಹಾಕಿಸಿದೆವು. ಸಮಿತಿಯ ಲೆಕ್ಕಪುಸ್ತಕದಲ್ಲಿ "ಮಣ್ಣು ಸಾಗಣೆ" ಎಂಬ ಬಾಬಿನ ಎದುರು ನನ್ನ ಸಹಿಯಿದೆ. ಆ ಕಲ್ಲಿನಲ್ಲಿ ಯಾರ ಹೆಸರಿತ್ತೋ, ಯಾರ ವ್ರತವಿತ್ತೋ ಇನ್ನು ಯಾರೂ ತಿಳಿಯಲಾರರು. ಪುರಾತತ್ತ್ವಜ್ಞರು ಇರುವ ಸಾಕ್ಷ್ಯಕ್ಕೆ ಅತಿಯಾದ ಅರ್ಥ ಹಚ್ಚಿದರೆ ಮುಂದಿನವರು ತಿದ್ದಬಹುದು. ನಾವು ಸಾಕ್ಷ್ಯವನ್ನೇ ಇಲ್ಲವಾಗಿಸಿದೆವು, ಅದಕ್ಕೆ ತಿದ್ದುಪಡಿಯಿಲ್ಲ.

ಆದುದರಿಂದ ಟ್ರಸ್ಟುಗಳ ಹಿರಿಯರಲ್ಲಿ ನನ್ನ ವಿನಂತಿ: ಬಸದಿಯ ಆವರಣದಲ್ಲಿ ಗುದ್ದಲಿ ಹಾಕುವ ಮೊದಲು ರಾಜ್ಯದ ಪುರಾತತ್ತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ. ನಿಷಿಧಿಗಲ್ಲನ್ನು ಅದು ನಿಂತ ಜಾಗದಿಂದ ಕದಲಿಸಬೇಡಿ. ಕದಲಿಸಲೇಬೇಕಾದರೆ ಸ್ಥಳದ ಅಳತೆ ಬರೆದು, ಛಾಯಾಚಿತ್ರ ತೆಗೆದಿಡಿ. ಬಂದ ಚೂರುಗಳನ್ನು ಯಾವ ಆಳದಲ್ಲಿ ದೊರೆತವೆಂಬ ಚೀಟಿಯೊಡನೆ ಪೆಟ್ಟಿಗೆಯಲ್ಲಿಡಿ. ಮನುಷ್ಯರ ಮೂಳೆ ಕಂಡರೆ ಕೆಲಸ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿ. ಅವರು ಯಾವ ಮತದವರಾಗಿದ್ದರೂ ಒಂದು ಜೀವವು ಬಿಟ್ಟುಹೋದ ಮನೆಯದು. ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಅಮೃತಶಿಲೆಗೆ ತೆಗೆದಿಡುವ ಹಣದಲ್ಲಿ ಒಂದು ಸಣ್ಣ ಭಾಗವನ್ನು ಈ ಕೆಲಸಕ್ಕೆ ಮೀಸಲಿಟ್ಟರೂ ಸಾಕು.