ಕಾಲಡಿಯ ನೀಲಿ

ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಯಹೂದಿಗಳ ಪರದೇಶಿ ಸಿನಗಾಗ್‌ಗೆ ಬಂದವರು ಮೊದಲು ತಲೆಯೆತ್ತಿ ಬೆಲ್ಜಿಯಂ ಗಾಜಿನ ತೂಗುದೀಪಗಳನ್ನು ನೋಡುತ್ತಾರೆ. ನಾನಾದರೆ ಮೊದಲು ನೆಲ ನೋಡಿ ಎನ್ನುತ್ತೇನೆ. 1568ರಲ್ಲಿ ಕಟ್ಟಿದ ಈ ಮಂದಿರಕ್ಕೆ ಹದಿನೆಂಟನೇ ಶತಮಾನದಲ್ಲಿ ಎಜೆಕಿಯೆಲ್ ರಹಾಬಿ ಎಂಬ ದೊಡ್ಡ ವರ್ತಕ ಚೀನಾದಿಂದ ಬಿಲ್ಲೆಗಳನ್ನು ತರಿಸಿ ಹಾಸಿದ. ಬಿಳಿಯ ಮೇಲೆ ನೀಲಿ: ಬಾಗಿದ ಮರ, ಎಲೆ, ಹೂವು. ಕೈಯಿಂದಲೇ ಬರೆದವಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಕೂತು ನೋಡಿದರೆ ಒಂದರಲ್ಲಿ ಕುಂಚ ತಡೆದು ನಿಂತಿದೆ, ಪಕ್ಕದ್ದರಲ್ಲಿ ಸರಾಗವಾಗಿ ಹರಿದಿದೆ.

ಈ ನೀಲಿಯ ಮೇಲೆ ಬರಿಗಾಲಲ್ಲೇ ನಡೆಯಬೇಕು. ಚಪ್ಪಲಿ ಹೊರಗೆ ಬಿಡುವುದು ಕೇರಳದ ಯಹೂದಿಗಳ ರೂಢಿ. ಪಕ್ಕದಲ್ಲೇ ಮಟ್ಟಾಂಚೇರಿ ಅರಮನೆಯ ಭಗವತಿ ಗುಡಿ ಇರುವಾಗ ಇದರಲ್ಲಿ ವಿಶೇಷವೇನು ಎನಿಸಬಹುದು. ಆದರೆ ಬೈಬಲಿನ ವಿಮೋಚನಕಾಂಡದಲ್ಲಿ, ಸೀನಾಯಿ ಬೆಟ್ಟದ ಬಳಿ, ಉರಿಯುತ್ತಲೇ ಇದ್ದರೂ ಸುಟ್ಟುಹೋಗದ ಪೊದೆಯ ಮುಂದೆ ಪ್ರವಾದಿ ಮೋಶೆಗೆ ಸಿಕ್ಕ ಅಪ್ಪಣೆಯೂ ಕೆರ ಕಳಚೆಂಬುದೇ. ಮಲೆಯಾಳದ ಮರ್ಯಾದೆ ಮತ್ತು ಸೀನಾಯಿಯ ಮಾತು ಇಲ್ಲಿ ಅಂಗಾಲಿನಲ್ಲಿ ಕೂಡುತ್ತವೆ. ಈ ಕೂಡಿಕೆಯೇ ನನಗೆ ಕೊಚ್ಚಿಯ ರುಚಿ.

ಸಿನಗಾಗ್‌ನ ನಡುವೆ, ಧರ್ಮಗ್ರಂಥ ಓದಲು, ಹಿತ್ತಾಳೆ ಕಟಕಟೆಯ ವೇದಿಕೆ. ಮಹಡಿಯಲ್ಲಿ, ಹೆಂಗಸರು ಕೂರುವ ಜಾಗದ ಮುಂದೆ, ಇನ್ನೊಂದು. ಈ ಎರಡನೆಯದು ಕೇರಳದ ಸಿನಗಾಗ್‌ಗಳ ವಿಶಿಷ್ಟತೆ. ಆ ಹೆಂಗಸರು ಬೈಬಲ್ ಕಥೆಗಳನ್ನು ಮಲಯಾಳಂ ಹಾಡುಗಳಾಗಿ ಕಟ್ಟಿ, ನೋಟುಪುಸ್ತಕಗಳಲ್ಲಿ ಬರೆದಿಟ್ಟು, ಹಬ್ಬ ಮದುವೆಗಳಲ್ಲಿ ಹಾಡಿದರು.

ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳು ಬೆಳ್ಳಿ ಕವಚದೊಳಗಿರುತ್ತವೆ, ಮೇಲೆ ಕಿರೀಟ. ಒಂದು ಚಿನ್ನದ ಕಿರೀಟ 1805ರಲ್ಲಿ ತಿರುವಾಂಕೂರಿನ ಮಹಾರಾಜರಿಂದ ಬಂದದ್ದೆನ್ನುತ್ತಾರೆ. ತಿರುವನಂತಪುರದಲ್ಲಿ ಅನಂತಪದ್ಮನಾಭನ ದಾಸರೆಂದು ರಾಜ್ಯವಾಳಿದ ಮನೆತನ, ಬೇರೆ ಮತದವರ ಗ್ರಂಥಕ್ಕೆ ಕಿರೀಟ ಕೊಟ್ಟಿತು. ಮೂಡುಬಿದಿರೆಯಲ್ಲಿ ಜೈನರ ಧವಲ ಗ್ರಂಥಗಳ ತಾಳೆಗರಿಗೆ ಸಲ್ಲುವ ಪೂಜೆಯನ್ನು ಬಲ್ಲ ನಮಗೆ, ಓದುವ ಪುಸ್ತಕವೇ ದೊರೆಯಾಗುವ ಈ ಭಾವ ದೂರದ್ದಲ್ಲ.

ಸಿಮ್ಖಾತ್ ತೋರಾ ಹಬ್ಬ ಆ ದೊರೆಯ ಮೆರವಣಿಗೆ. ವರ್ಷವಿಡೀ ವಾರವಾರ ಓದಿದ ಪಾರಾಯಣ ಅಂದು ಮುಗಿಯುತ್ತದೆ. ಕೊನೆಯ ಭಾಗದಲ್ಲಿ ಮೋಶೆ ಬೆಟ್ಟದ ಮೇಲಿಂದ ವಾಗ್ದತ್ತ ನಾಡನ್ನು ಕಣ್ತುಂಬ ನೋಡುತ್ತಾನೆ, ಕಾಲಿಡದೆಯೇ ಸಾಯುತ್ತಾನೆ. ಅಲ್ಲಿಗೆ ಮಂಗಳ ಹಾಡಿ ಏಳುವಂತಿಲ್ಲ. ಅಂದೇ ಆದಿಕಾಂಡದ ಮೊದಲಿನಿಂದ, ಬೆಳಕು ಹುಟ್ಟುವ ಕಥೆಯಿಂದ, ಮತ್ತೆ ಶುರು. ಕೊಚ್ಚಿಯಲ್ಲಿ ಸುರುಳಿಗಳನ್ನು ಎತ್ತಿಕೊಂಡು ಹಾಡುತ್ತ ಸಿನಗಾಗ್‌ನ ಹೊರಗೂ ಪ್ರದಕ್ಷಿಣೆ ಬರುತ್ತಿದ್ದರು.

ಪಸ್ಕ ಹಬ್ಬದ ರಸ ಬೇರೆ, ಅದು ಅಡುಗೆಮನೆಯದು. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ನೆನಪಿಗೆ ಹುಳಿ ಬರಿಸದ ರೊಟ್ಟಿ. ಯುರೋಪಿನ ಅನೇಕ ಯಹೂದಿಗಳು ಆ ದಿನಗಳಲ್ಲಿ ಅನ್ನ ಮುಟ್ಟುವುದಿಲ್ಲ, ಕೊಚ್ಚಿಯವರು ಉಣ್ಣುತ್ತಿದ್ದರು. ಅದಕ್ಕಾಗಿ ತಿಂಗಳುಗಳ ಮೊದಲೇ ಅಕ್ಕಿಯನ್ನು ಕಾಳು ಕಾಳಾಗಿ ಆರಿಸುವುದು, ಮನೆ ತೊಳೆದು ಸುಣ್ಣ ಬಳಿಯುವುದು.

ಇಷ್ಟು ಮಡಿಯಿಂದ ಬಿಡುಗಡೆಯನ್ನು ನೆನೆದ ಮಂದಿಯೇ, ದಾಸ್ಯದಿಂದ ಬಿಡುಗಡೆಯಾಗಿ ತಮ್ಮ ಧರ್ಮ ಸೇರಿದವರ ಸಂತತಿಯನ್ನು ಸಿನಗಾಗ್‌ನ ಹೊರಕೋಣೆಯಲ್ಲಿ ಕೂರಿಸಿದರು. ತೋರಾ ಓದಲು ಅವರನ್ನು ಕರೆಯುತ್ತಿರಲಿಲ್ಲ. ನೀವೂ ಐಗುಪ್ತದಲ್ಲಿ ದಾಸರಾಗಿದ್ದದ್ದನ್ನು ಮರೆಯಬೇಡಿ ಎಂದು ಆ ಗ್ರಂಥವೇ ಮತ್ತೆಮತ್ತೆ ಹೇಳುತ್ತದೆ. ಇದನ್ನು ಬದಿಗಿಟ್ಟು ನೀಲಿ ಬಿಲ್ಲೆಗಳನ್ನು ಸವಿಯುವುದು ನನಗೆ ಒಪ್ಪಿತವಲ್ಲ. ಯಾರ ಕಾಲು ಅವುಗಳ ಮೇಲೆ ನಿಲ್ಲಬಹುದಿತ್ತು ಎಂಬುದೂ ಅವುಗಳ ಚೆಲುವಿನ ಲೆಕ್ಕಕ್ಕೆ ಸೇರಿದ್ದು.

ಹಾಗೆ ಹೊರಗಿಟ್ಟವರಲ್ಲೇ ಹುಟ್ಟಿದವರು ಎ.ಬಿ. ಸೇಲಂ. ಎರ್ನಾಕುಲಂನಲ್ಲಿ ವಕೀಲರು, ಕಾಂಗ್ರೆಸ್ಸಿಗರು. ಜನ ಅವರನ್ನು 'ಯಹೂದಿ ಗಾಂಧಿ' ಎಂದರು. ಗಾಂಧಿಯಿಂದ ಕಲಿತ ಸತ್ಯಾಗ್ರಹವನ್ನು ಸೇಲಂ ತಮ್ಮದೇ ಸಿನಗಾಗ್‌ಗೆ ತಂದರು. ವರ್ಷಗಟ್ಟಲೆ ಹಿಡಿಯಿತು. ಮೊದಲು ಒಳಗೆ ಕೂರುವ ಹಕ್ಕು, ಆಮೇಲೆ ತೋರಾ ಓದುವ ಹಕ್ಕು ಬಂತು. ಅವರೇನೂ ಗ್ರಂಥಕ್ಕೆ ಹೊಸದನ್ನು ಸೇರಿಸಲಿಲ್ಲ. ಪ್ರತಿ ವರ್ಷ ಪಸ್ಕದ ಊಟದ ಮೇಜಿನ ಸುತ್ತ ಹೇಳಿಕೊಳ್ಳುವ ಬಿಡುಗಡೆಯ ಕಥೆಯನ್ನು ನಡೆಸಿ ತೋರಿಸಿ ಎಂದು ಪಟ್ಟುಹಿಡಿದರು, ಅಷ್ಟೆ.

1950ರ ದಶಕದಲ್ಲಿ ಕೊಚ್ಚಿಯ ಬಹುಪಾಲು ಯಹೂದಿಗಳು ಇಸ್ರೇಲಿಗೆ ಹೊರಟರು. ಅವರ ಪ್ರಯಾಣಕ್ಕಾಗಿ ಅಲ್ಲಿಯವರೆಗೆ ಹೋಗಿ ಮಾತಾಡಿ ಬಂದ ಸೇಲಂ, ತಾವು ಮಾತ್ರ ಕೊಚ್ಚಿಯಲ್ಲೇ ಉಳಿದರು. 1967ರಲ್ಲಿ ಅಲ್ಲೇ ತೀರಿಕೊಂಡರು.